ಗೊರಕೆ ನಿಂತಾಗ ಎಣಿಸಿ

ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಕೇಳಿಸುವುದಿಲ್ಲ. ಹಾಗಾಗಿ ಇದನ್ನು ಪಕ್ಕದಲ್ಲಿ ಮಲಗುವವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಶನಿವಾರಸಂತೆ ಹತ್ತಿರ ಹಂಚಿನ ಮನೆ. ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳುವ ಮಳೆಗೆ ಮಾತೇ ಕೇಳಿಸದು, ಗೊರಕೆ ಎಲ್ಲಿ ಕೇಳೀತು? ಕಾಫಿ ಕೊಯ್ಲಿನ ಹೊತ್ತಿನಲ್ಲಿ, ಮಂಜು ಕವಿದು ಎಲ್ಲ ನಿಶ್ಶಬ್ದವಾಗಿದ್ದ ಒಂದು ರಾತ್ರಿ, ನಮ್ಮ ಮನೆಯವರ ಗೊರಕೆ ತಟ್ಟನೆ ನಿಂತಿತು. ಸದ್ಯ, ಇನ್ನು ನಿದ್ದೆ ಮಾಡಬಹುದು ಅಂದುಕೊಂಡೆ. ನೋಡಿದರೆ ಎದೆ ಏಳುತ್ತಿದೆ, ಹೊಟ್ಟೆ ಒಳಕ್ಕೆ ಸೆಳೆಯುತ್ತಿದೆ, ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯೇ ಇಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಎಣಿಸಿದೆ. ಇಪ್ಪತ್ತೆಂಟಕ್ಕೆ, ಕೆರೆಯಲ್ಲಿ ಮುಳುಗಿ ಎದ್ದವರ ಹಾಗೆ ಉಸಿರೆಳೆದು ಮಗ್ಗುಲಾದರು. ಬೆಳಿಗ್ಗೆ ಕೇಳಿದರೆ "ಒಳ್ಳೇ ನಿದ್ದೆ ಬಂತಲ್ಲ" ಅಂದರು.

ಆಗಲೇ ಅವರಿಗೆ ಬಿ.ಪಿ.ಗೆ ಮೂರು ಮಾತ್ರೆ ನಡೆಯುತ್ತಿತ್ತು. ಆದರೂ ಹತೋಟಿಗೆ ಬಂದಿರಲಿಲ್ಲ. ತೋರಿಸುತ್ತಿದ್ದ ಕಡೆ ಉಪ್ಪು ಕಮ್ಮಿ ಮಾಡಿ ಅಂದರು, ಮಾತ್ರೆ ಜಾಸ್ತಿ ಮಾಡಿದರು. ರಾತ್ರಿ ನಿದ್ದೆ ಹೇಗೆ ಎಂದು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಆ ಬೇಸರ ನನಗೆ ಇನ್ನೂ ಹೋಗಿಲ್ಲ. ಮೂರು ಮಾತ್ರೆಗೂ ಬಗ್ಗದ ಬಿ.ಪಿ.ಯ ಹಿಂದೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ, ಇರುವುದು ಬಹಳ ಸಾಮಾನ್ಯ.

ಒಳಗೆ ಆಗುವುದು ಇಷ್ಟು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ, ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ತೋಟದಲ್ಲಿ ಆನೆ ಎದುರಾದಾಗ ಮೈಯಲ್ಲಿ ನುಗ್ಗುತ್ತದಲ್ಲ, ಅದೇ ಅಡ್ರಿನಲಿನ್ ನುಗ್ಗಿ ರಕ್ತನಾಳ ಬಿಗಿಯುತ್ತದೆ, ಬಿ.ಪಿ. ಜಿಗಿಯುತ್ತದೆ. ಆನೆ ವರ್ಷಕ್ಕೆ ಒಂದೆರಡು ಸಲ ಎದುರಾದೀತು. ಇಲ್ಲಿ, ಕಾಯಿಲೆ ತೀವ್ರವಾಗಿದ್ದರೆ, ಗಂಟೆಗೆ ಮೂವತ್ತು ಸಲ. ಒಳ್ಳೆಯ ನಿದ್ದೆಯಲ್ಲಿ ಬಿ.ಪಿ. ಶೇ. 10ರಿಂದ 20ರಷ್ಟು ಇಳಿದು ನಾಳಗಳಿಗೆ ಬಿಡುವು ಸಿಗಬೇಕು. ಇವರಿಗೆ ಆ ಬಿಡುವೇ ಇಲ್ಲ. ಆಮ್ಲಜನಕ ಹೀಗೆ ಇಳಿಯುತ್ತ ಏರುತ್ತ ಇದ್ದರೆ ರಕ್ತನಾಳದ ಒಳಪದರ ಕೆಡುತ್ತದೆ. ನಾಳವನ್ನು ಹಿಗ್ಗಿಸಿಡುವ ನೈಟ್ರಿಕ್ ಆಕ್ಸೈಡ್ ಅಲ್ಲಿ ಕಮ್ಮಿಯಾಗಿ ನಾಳ ಗಡುಸಾಗುತ್ತದೆ, ಕೊಬ್ಬು ಕಟ್ಟಿಕೊಳ್ಳಲು ದಾರಿಯಾಗುತ್ತದೆ. ಜೊತೆಗೆ, ಮುಚ್ಚಿದ ಗಂಟಲಿನ ಎದುರು ಎದೆ ಗಾಳಿಗಾಗಿ ಹೆಣಗುವಾಗ ಹೃದಯದ ಗೋಡೆಯೂ ಜಗ್ಗುತ್ತದೆ. ವರ್ಷಗಟ್ಟಲೆ ಜಗ್ಗಿ ಮೇಲಿನ ಕೋಣೆ ಹಿಗ್ಗಿದರೆ ಬಡಿತ ತಾಳ ತಪ್ಪುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್.

ಹಾಗಾದರೆ ಮಾಡುವುದೇನು? ಮೊದಲು ಒಂದು ವಾರ ಎಣಿಸಿ. ಉಸಿರು 10 ಸೆಕೆಂಡಿಗಿಂತ ಹೆಚ್ಚು ನಿಂತದ್ದನ್ನೆಲ್ಲ ಪುಸ್ತಕದಲ್ಲಿ ಗೀಟು ಹಾಕಿ. ಅರ್ಧ ಗಂಟೆ ಫೋನಿನಲ್ಲಿ ವಿಡಿಯೋ ಮಾಡಿ, ಎದೆಯೂ ಮುಖವೂ ಕಾಣುವ ಹಾಗೆ. ನಾನು ಬಾಯಲ್ಲಿ ಹೇಳಿದಾಗ ನಂಬದವರು ವಿಡಿಯೋ ನೋಡಿ ಸುಮ್ಮನಾದರು. ಬ್ಲೌಸ್ ಹೊಲಿಯುವ ಟೇಪಿನಲ್ಲಿ ಕತ್ತು ಅಳೆದೆ, 43 ಸೆಂ.ಮೀ. ಇತ್ತು. 40 ದಾಟಿದರೆ ಎಚ್ಚರ ಬೇಕು. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು, ಜೀಪ್ ಓಡಿಸುವಾಗ ತೂಕಡಿಕೆ, ಇವೂ ಪುಸ್ತಕಕ್ಕೆ ಹೋಗಲಿ. ತೂಕಡಿಕೆ ಇರುವವರ ಕೈಗೆ ಘಾಟಿಯಲ್ಲಿ ಸ್ಟಿಯರಿಂಗ್ ಕೊಡಲೇಬೇಡಿ. ಗಂಡಸರ ಕಾಯಿಲೆ ಎಂದುಕೊಳ್ಳಬೇಡಿ, ಮುಟ್ಟು ನಿಂತ ಮೇಲೆ ಹೆಂಗಸರಿಗೂ ಹೆಚ್ಚು.

ಕೊರೋನಾ ಕಾಲದ ಆಕ್ಸಿಮೀಟರ್ ಬೀರುವಿನಲ್ಲಿ ಇದ್ದೀತು. ಹಗಲು ಬೆರಳಿಗೆ ಹಾಕಿದರೆ 97 ತೋರಿಸಿ ಸಮಾಧಾನ ಮಾಡುತ್ತದೆ, ಅದನ್ನು ನಂಬಬೇಡಿ. ನಿದ್ದೆಯಲ್ಲಿ ಹಾಕಿ ನೋಡಿದಾಗ ಇವರಿಗೆ 82ಕ್ಕೆ ಇಳಿದಿತ್ತು. ಆದರೂ ಅದು ಪರೀಕ್ಷೆ ಅಲ್ಲ. ಪುಸ್ತಕ, ವಿಡಿಯೋ ಹಿಡಿದು ಶ್ವಾಸಕೋಶದ ಅಥವಾ ಇ.ಎನ್.ಟಿ. ಡಾಕ್ಟರ ಹತ್ತಿರ ಹೋಗಿ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರನ್ನು ಅಳೆಯುವ ಪರೀಕ್ಷೆ, ಕೇಳಿ. ನಾವು ಮೈಸೂರಿಗೆ ಹೋದೆವು. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಸಾಧನವೂ ಇದೆ. ವರದಿಯಲ್ಲಿ ನೋಡಬೇಕಾದ್ದು ಎ.ಎಚ್.ಐ., ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕುಗ್ಗಿತು ಎಂಬ ಲೆಕ್ಕ. 5ರೊಳಗೆ ಇದ್ದರೆ ಸರಿ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಇ.ಸಿ.ಜಿ.ಯನ್ನೂ ಮಾಡಿಸಿಬಿಡಿ.

ಇದಕ್ಕೆ ಚಿಕಿತ್ಸೆ ಸಿಪ್ಯಾಪ್, ಅಂದರೆ ಮುಖಕ್ಕೆ ಹಾಕಿದ ಮಾಸ್ಕಿನ ಮೂಲಕ ಗಾಳಿ ಊದುವ ಮಿಷನ್. ಅದು ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಗಾಳಿಯ ಒತ್ತಡದಿಂದ ಗಂಟಲು ಮುಚ್ಚದಂತೆ ಅದು ಹಿಡಿದಿಡುತ್ತದೆ, ಹಾಕಿಕೊಂಡಷ್ಟು ಹೊತ್ತು ಮಾತ್ರ. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮಿಷನ್ ಪಡೆದವರಿಗೂ ಹೃದಯಾಘಾತ, ಸ್ಟ್ರೋಕ್ ಕಮ್ಮಿಯಾಗಲಿಲ್ಲ. ಅವರು ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಆದ್ದರಿಂದ ಕನಿಷ್ಠ 4 ಗಂಟೆ, ಆದರೆ ರಾತ್ರಿಯಿಡೀ ಹಾಕಿಸಿ. ನಮ್ಮವರು ಮೊದಲ ವಾರ ನಿದ್ದೆಗಣ್ಣಲ್ಲೇ ಕಿತ್ತು ಎಸೆಯುತ್ತಿದ್ದರು. ಸಂಜೆ ಟಿ.ವಿ. ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿ ಕೂರಿಸಿದೆ, ಹತ್ತು ದಿನಕ್ಕೆ ಒಗ್ಗಿತು.

ನಮ್ಮ ಮಳೆಗಾಲಕ್ಕೆ ಎರಡು ಮಾತು. ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಯು.ಪಿ.ಎಸ್. ಬ್ಯಾಟರಿ ಮೊದಲೇ ನೋಡಿಕೊಳ್ಳಿ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಬಟ್ಟೆಗೇ ಬೂಸ್ಟು ಬರುತ್ತದೆ, ಮಿಷನ್ನಿನ ಪೈಪು ಬಿಟ್ಟೀತೇ? ಮಾಸ್ಕನ್ನು ದಿನವೂ, ಪೈಪನ್ನು ವಾರಕ್ಕೊಮ್ಮೆ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಗಾಳಿಗೆ ತೇವ ಕೊಡುವ ಮಿಷನ್ನಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೆಳಿಗ್ಗೆ ಉಳಿದ ನೀರು ಚೆಲ್ಲಿಬಿಡಿ.

ಕುಡಿತದ ಮಾತು ಹೇಳಲೇಬೇಕು. ಮದುವೆ ಮನೆಯಲ್ಲಿ, ಹಬ್ಬದಲ್ಲಿ ಗ್ಲಾಸ್ ಬೇಡ ಎನ್ನುವುದು ನಮ್ಮ ಕಡೆ ಸುಲಭವಲ್ಲ. ಆದರೆ ಮಲಗುವ ಮುಂಚೆ ಕುಡಿದರೆ ಗಂಟಲು ಇನ್ನೂ ಸಡಿಲ. ನಿದ್ದೆ ಮಾತ್ರೆಯೂ ಹಾಗೇ. ಅಂಗಾತ ಮಲಗಿಸಬೇಡಿ, ಬೆನ್ನ ಹಿಂದೆ ದಿಂಬು ಇಟ್ಟು ಮಗ್ಗುಲಾಗಿ ಮಲಗಿಸಿ. ತೂಕ ಹತ್ತರಲ್ಲಿ ಒಂದು ಪಾಲು ಇಳಿದರೂ ಉಸಿರು ನಿಲ್ಲುವುದು ಎಣಿಕೆಗೆ ಸಿಗುವಷ್ಟು ಕಮ್ಮಿಯಾಗುತ್ತದೆ.

ಬಿ.ಪಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮಿಷನ್ನಿನಿಂದ ಇಳಿಯುವ ಬಿ.ಪಿ. ಸಾಮಾನ್ಯವಾಗಿ ಎರಡು ಮೂರು ಅಂಕ ಅಷ್ಟೇ, ಮಾತ್ರೆಗೆ ಬಗ್ಗದವರಲ್ಲಿ ಇನ್ನಷ್ಟು. ಇವರ ಮೂರು ಮಾತ್ರೆ ಈಗ ಎರಡಾಗಿದೆ, ಎಂಟು ತಿಂಗಳ ಬಿ.ಪಿ. ಪುಸ್ತಕ ನೋಡಿ ಡಾಕ್ಟರೇ ಇಳಿಸಿದ್ದು. ಪಟ್ಟಿ ಸಡಿಲಾದರೆ ಮಾಸ್ಕಿನಿಂದ ಸುಯ್ ಎಂದು ಗಾಳಿ ಸೋರುತ್ತದೆ. ಆ ಸದ್ದಿಗೆ ಈಗ ನನಗೆ ಎಚ್ಚರವಾಗುತ್ತದೆ, ಎದ್ದು ಪಟ್ಟಿ ಬಿಗಿ ಮಾಡಿ ಮಲಗುತ್ತೇನೆ.