ಗಾಡಿಯ ಹೆಸರು ಬಿಡಿ, ಟೈರಿನ ಮೇಲಿನ ಅಂಕಿ ಓದಿ

ಸಣ್ಣ ಬೈಕುಗಳ ವಿಷಯದಲ್ಲಿ ಒಂದು ತಮಾಷೆ ಇದೆ. ಒಂದೇ ಹೆಸರಿನ ಗಾಡಿ ಹತ್ತು ಹದಿನೈದು ವರ್ಷ ಮಾರಾಟದಲ್ಲಿರುತ್ತದೆ. ಅಷ್ಟರಲ್ಲಿ ಅದರ ಚಕ್ರ, ಬ್ರೇಕು, ಕಾರ್ಬುರೇಟರು ಸದ್ದಿಲ್ಲದೆ ಬದಲಾಗಿರುತ್ತವೆ. ಇನ್ನೊಂದು ಕಡೆ, ಬೇರೆ ಬೇರೆ ಹೆಸರಿನ ಹತ್ತು ಗಾಡಿಗಳ ಹೊಟ್ಟೆಯಲ್ಲಿ ಒಂದೇ ಎಂಜಿನ್ ಇರುತ್ತದೆ. 1958ರಲ್ಲಿ ಶುರುವಾದ ಹೋಂಡಾ ಸೂಪರ್ ಕಬ್ ವಂಶದ ಮಲಗಿದ ಸಿಲಿಂಡರಿನ ಎಂಜಿನ್ನು, 1976ರಲ್ಲಿ ಬಂದ ಹೋಂಡಾ ಸಿಜಿ125ರ, ಕಡ್ಡಿಯಿಂದ ವಾಲ್ವ್ ತೆರೆಯುವ ಪುಶ್‌ರಾಡ್ ಎಂಜಿನ್ನು, ಇವೆರಡನ್ನೂ ನಕಲು ಮಾಡಿದ ಕಂಪನಿಗಳು ಎಷ್ಟೋ ಇವೆ. ಹಾಗಾಗಿ ‘ಇಂಥ ಗಾಡಿಗೆ ಟೈರ್ ಕೊಡಿ, ಚೈನ್ ಕೊಡಿ’ ಎಂದು ಹೆಸರು ಹೇಳಿ ಕೇಳಿದರೆ ಅರ್ಧ ಸಲ ಸರಿಯಾದದ್ದು ಸಿಗುತ್ತದೆ, ಅರ್ಧ ಸಲ ವಾಪಸ್ ಕೊಡಲು ಓಡಾಡಬೇಕು. ಅಂಕಿ ಹೇಳಿ ಕೇಳುವುದನ್ನು ಕಲಿತರೆ ಈ ಓಡಾಟ ಬಹಳಷ್ಟು ತಪ್ಪುತ್ತದೆ.

ಮೊದಲು ಕಾಗದ, ಆಮೇಲೆ ಹಳೆಯ ಟೈರು

ಹಳೆಯ ಟೈರಿನ ಮೇಲೆ ಏನು ಬರೆದಿದೆಯೋ ಅದನ್ನೇ ತಂದರಾಯಿತು ಅಂತ ಅನ್ನಿಸುತ್ತದೆ, ಅಲ್ವಾ? ನಾನೂ ಹಾಗೇ ಮಾಡಿದ್ದೆ. ಸೆಕೆಂಡ್ ಹ್ಯಾಂಡ್ ಗಾಡಿ. ಹಿಂದಿನ ಟೈರಿನ ಅಂಕಿ ಬರೆದುಕೊಂಡು ಅದೇ ಅಳತೆಯ ಹೊಸದನ್ನು ಹಾಕಿಸಿದೆ. ಇಬ್ಬರು ಕೂತು ಗುಂಡಿ ಹಾರಿಸಿದಾಗೆಲ್ಲ ಚೈನ್ ಕವರಿಗೆ ಟೈರ್ ಉಜ್ಜಿ ಕರ್ ಎನ್ನುತ್ತಿತ್ತು. ನನಗಿಂತ ಮುಂಚಿನ ಮಾಲೀಕರು ‘ದಪ್ಪ ಕಾಣಲಿ’ ಎಂದು ಒಂದು ಸೈಜ್ ದೊಡ್ಡದು ಹಾಕಿದ್ದರು. ಅದು ಸವೆದಿದ್ದರಿಂದ ತಾಗುತ್ತಿರಲಿಲ್ಲ. ಹೊಸದು ತುಂಬಿಕೊಂಡು ಬಂತು, ತಾಗಿತು.

ಆದ್ದರಿಂದ ಮೊದಲು ಗಾಡಿಯ ಕೈಪಿಡಿ ನೋಡಿ. ಅದು ಇಲ್ಲದಿದ್ದರೆ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲೆ ಒಂದು ಸ್ಟಿಕ್ಕರ್ ಇರಬಹುದು. ಟೈರ್ ಅಳತೆ, ಗಾಳಿಯ ಒತ್ತಡ ಎರಡೂ ಅದರಲ್ಲಿರುತ್ತವೆ. ಮಣ್ಣು ಒರೆಸಿ ಓದಿ. ಜೊತೆಗೆ ಚಾಸಿ ನಂಬರ್, ಎಂಜಿನ್ ನಂಬರ್ ಎರಡರ ಫೋಟೊ ತೆಗೆದಿಟ್ಟುಕೊಳ್ಳಿ. ಒಂದೇ ಹೆಸರಿನ ಗಾಡಿಯಲ್ಲಿ ಯಾವ ನಂಬರಿನಿಂದ ಮುಂದೆ ಯಾವ ಭಾಗ ಬದಲಾಯಿತು ಎಂಬುದು ಬಿಡಿಭಾಗಗಳ ಪಟ್ಟಿಯಲ್ಲಿ ಈ ನಂಬರುಗಳಿಂದಲೇ ಗೊತ್ತಾಗುವುದು.

ಟೈರಿನ ಪಕ್ಕದ ಬರಹ ಏನು ಹೇಳುತ್ತದೆ?

ಸಣ್ಣ ಗಾಡಿಗಳಲ್ಲಿ ಎರಡು ಬಗೆಯ ಬರಹ ಕಾಣುತ್ತದೆ. ಹಳೆಯದು ಇಂಚಿನದು. ಉದಾಹರಣೆಗೆ 2.75-18. ಅಗಲ 2.75 ಇಂಚು, ಕೂರುವ ರಿಮ್ 18 ಇಂಚು. ರಿಮ್ಮಿನಿಂದ ಮೇಲಕ್ಕೆ ಟೈರಿನ ಎತ್ತರವನ್ನು ಬರೆದಿರುವುದಿಲ್ಲ, ಹೆಚ್ಚುಕಡಿಮೆ ಅಗಲದಷ್ಟೇ ಇರುತ್ತದೆ. ಹೊಸದು ಮಿಲಿಮೀಟರಿನದು. 90/90-18 ಎಂದರೆ ಅಗಲ 90 ಮಿ.ಮೀ., ಎತ್ತರ ಅದರ ಶೇಕಡ 90, ಅಂದರೆ 81 ಮಿ.ಮೀ. ರಿಮ್ ಅಳತೆ ಮಾತ್ರ ಇದರಲ್ಲೂ ಇಂಚಿನಲ್ಲೇ.

ರಿಮ್ ಅಂಕಿಯಲ್ಲಿ ರಾಜಿಯೇ ಇಲ್ಲ. 17ರ ಜಾಗಕ್ಕೆ 18 ಬರುವುದಿಲ್ಲ. ಅಗಲದಲ್ಲಿ ಸ್ವಲ್ಪ ಸಡಿಲವಿದೆ. 2.75-18 ಸಿಗದಿದ್ದರೆ ಸಾಮಾನ್ಯವಾಗಿ 80/100-18 ಕೊಡುತ್ತಾರೆ. 3.00-18ರ ಬದಲು 90/90-18 ಬರುತ್ತದೆ. ಹೀಗೆ ಬದಲಿಸುವ ಮುಂಚೆ ಒಂದು ಸಣ್ಣ ಲೆಕ್ಕ ಹಾಕಿ. ಟೈರಿನ ಎತ್ತರವನ್ನು ಎರಡರಿಂದ ಗುಣಿಸಿ, ರಿಮ್ ಇಂಚನ್ನು 25.4ರಿಂದ ಗುಣಿಸಿ, ಎರಡನ್ನೂ ಕೂಡಿಸಿ, ಅದೇ ಚಕ್ರದ ಒಟ್ಟು ಎತ್ತರ. 80/100-18ಕ್ಕೆ 160 ಮತ್ತು 457, ಒಟ್ಟು 617 ಮಿ.ಮೀ. ಆಗುತ್ತದೆ. 90/90-18ಕ್ಕೆ 619. ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. ಆದರೆ 100/90-18 ಹಾಕಿದರೆ 637 ಆಗುತ್ತದೆ, ಸುಮಾರು ಶೇಕಡ 3ರಷ್ಟು ಜಾಸ್ತಿ. ಸ್ಪೀಡೊಮೀಟರಿನ ಕೇಬಲ್ ಮುಂದಿನ ಚಕ್ರದಿಂದ ಬಂದಿದ್ದು, ಮುಂದಿನ ಟೈರನ್ನೇ ಇಷ್ಟು ದೊಡ್ಡದು ಮಾಡಿದರೆ, ಮೀಟರ್ 60 ತೋರಿಸುವಾಗ ಗಾಡಿ 62ರಲ್ಲಿ ಇರುತ್ತದೆ. ಹಿಂದಿನ ಟೈರ್ ದೊಡ್ಡದಾದರೆ ಎಳೆಯುವ ಶಕ್ತಿ ತುಸು ಕುಗ್ಗುತ್ತದೆ. 100 ಸಿಸಿ ಗಾಡಿಗೆ ಏರಿನಲ್ಲಿ ಅದು ಗೊತ್ತಾಗುತ್ತದೆ.

ಅಳತೆಯ ಪಕ್ಕದಲ್ಲಿ 42ಪಿ, 47ಪಿ ಎಂಬಂಥ ಇನ್ನೊಂದು ಗುರುತು ಇರುತ್ತದೆ. ಬಹಳ ಜನ ಇದನ್ನು ನೋಡುವುದೇ ಇಲ್ಲ. ಅಂಕಿ ಎಂದರೆ ಆ ಟೈರ್ ಹೊರಬಲ್ಲ ಭಾರ: 42ಕ್ಕೆ 150 ಕಿಲೊ, 47ಕ್ಕೆ 175, 52ಕ್ಕೆ 200. ಅಕ್ಷರ ಎಂದರೆ ಗರಿಷ್ಠ ವೇಗ: ಜೆ ಗಂಟೆಗೆ 100 ಕಿ.ಮೀ., ಎಲ್ 120, ಪಿ 150. ಹೊಸ ಟೈರಿನಲ್ಲಿ ಇವೆರಡೂ ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು, ಜಾಸ್ತಿ ಇದ್ದರೆ ತೊಂದರೆಯಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಟ್ಯಾಂಕಿನ ಮೇಲೊಂದು ಮೂಟೆ ಇಟ್ಟುಕೊಂಡು ಹೋಗುವವರು ಹಿಂದಿನ ಟೈರಿನ ಭಾರದ ಅಂಕಿಯನ್ನು ಎರಡು ಸಲ ನೋಡಬೇಕು.

ತಯಾರಾದ ದಿನವನ್ನೂ ನೋಡಿ. ಪಕ್ಕದಲ್ಲಿ ಉದ್ದುದ್ದ ಕೋಡಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2324 ಎಂದರೆ 2024ನೇ ವರ್ಷದ 23ನೇ ವಾರ. ‘ಹೊಸದು’ ಎಂದು ಕೊಟ್ಟ ಟೈರ್ ಐದು ವರ್ಷ ಮೂಲೆಯಲ್ಲಿ ಕೂತಿದ್ದರೆ ರಬ್ಬರ್ ಗಟ್ಟಿಯಾಗಿರುತ್ತದೆ. ಬೇಡ ಅನ್ನಿ, ನಾಚಿಕೆ ಏನಿಲ್ಲ.

ರಿಮ್, ಟ್ಯೂಬ್, ಸಂದು

ಟೈರ್ ಅಗಲದಷ್ಟೇ ಮುಖ್ಯ ರಿಮ್ ಅಗಲ. ಅದು ರಿಮ್ ಮೇಲೆಯೇ ಕೆತ್ತಿರುತ್ತದೆ: 1.60×18, 1.85×18, 2.15×17, ಹೀಗೆ. ಮೊದಲ ಅಂಕಿ ಒಳ ಅಗಲ, ಇಂಚಿನಲ್ಲಿ. 1.60 ರಿಮ್ಮಿಗೆ 2.75 ಟೈರ್ ಚೆನ್ನಾಗಿ ಕೂರುತ್ತದೆ. ಅದೇ ರಿಮ್ಮಿಗೆ 100/90 ಒತ್ತಿ ತುರುಕಿದರೆ ಟೈರಿನ ಬುಡ ಹಿಂಡಿ ನೆತ್ತಿ ಮೊಟ್ಟೆಯ ತುದಿಯಂತಾಗುತ್ತದೆ. ನೋಡಲು ದಪ್ಪ, ನೆಲ ಮುಟ್ಟುವುದು ಮಾತ್ರ ನಡುವಿನ ಒಂದು ಪಟ್ಟಿ. ದಪ್ಪ ಟೈರ್ ಹಾಕಿದರೆ ಹಿಡಿತ ಜಾಸ್ತಿ ಎಂಬ ನಂಬಿಕೆ ಇಲ್ಲಿಗೆ ಬಂದು ಕೆಡುತ್ತದೆ. ಯಾವ ಟೈರಿಗೆ ಯಾವ ರಿಮ್ ಅಗಲ ಒಪ್ಪುತ್ತದೆ ಎಂಬ ಪಟ್ಟಿಯನ್ನು ಟೈರ್ ಕಂಪನಿಗಳೇ ಕೊಡುತ್ತವೆ. ಅದನ್ನು ಮೀರಬೇಡಿ.

ಸ್ಪೋಕ್ ಚಕ್ರವಾದರೆ ಸಾಮಾನ್ಯವಾಗಿ ಟ್ಯೂಬ್ ಬೇಕೇ ಬೇಕು. ಟ್ಯೂಬ್‌ಲೆಸ್ ಟೈರನ್ನು ಸ್ಪೋಕ್ ರಿಮ್ಮಿಗೆ ಟ್ಯೂಬ್ ಹಾಕಿ ಕೂರಿಸುವ ರೂಢಿ ಇದೆ. ಟ್ಯೂಬ್ ಟೈರನ್ನು ಟ್ಯೂಬ್ ಇಲ್ಲದೆ ಓಡಿಸುವುದು ಮಾತ್ರ ಆಗದ ಕೆಲಸ. ಹೊಸ ಟೈರಿಗೆ ಹೊಸ ಟ್ಯೂಬ್, ಸ್ಪೋಕ್ ತಲೆಗಳನ್ನು ಮುಚ್ಚುವ ಹೊಸ ರಿಮ್ ಟೇಪ್, ಇವನ್ನು ಒಟ್ಟಿಗೇ ತನ್ನಿ. ಹಳೆಯ ಟ್ಯೂಬ್ ಹಿಗ್ಗಿರುತ್ತದೆ, ಒಳಗೆ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ.

ಆಮೇಲೆ ಸಂದು. ಹಳೆಯ ಟೈರ್ ಇರುವಾಗಲೇ ಚೈನ್, ಚೈನ್ ಕವರ್, ಬ್ರೇಕ್ ರಾಡ್, ಸ್ವಿಂಗ್ ಆರ್ಮ್, ಮಡ್‌ಗಾರ್ಡ್ ಇವುಗಳಿಗೂ ಟೈರಿಗೂ ನಡುವೆ ಎಷ್ಟು ಜಾಗವಿದೆ ಎಂದು ಅಳೆಯಿರಿ. ಚೈನ್ ಬಿಗಿ ಮಾಡುವಾಗ ಚಕ್ರ ಹಿಂದೆ ಸರಿಯುತ್ತದೆ. ಚೈನ್ ಹೊಸದಾದಾಗ ಮತ್ತೆ ಮುಂದೆ ಬರುತ್ತದೆ. ಮುಂದೆ ಬಂದಾಗಿನ ಜಾಗವೇ ನಿಜವಾದ ಜಾಗ.

ಚೈನ್ ಕಿಟ್: ಮೂರು ಅಂಕಿಯ ಒಗಟು

ಚೈನ್ ಮೇಲೆ 420, 428, 520 ಎಂದೇನೋ ಬರೆದಿರುತ್ತದೆ. ಮೊದಲ ಅಂಕಿ ಕೊಂಡಿಯಿಂದ ಕೊಂಡಿಗೆ ಇರುವ ದೂರ, ಇಂಚಿನ ಎಂಟನೇ ಭಾಗದ ಲೆಕ್ಕದಲ್ಲಿ. 4 ಎಂದರೆ 12.7 ಮಿ.ಮೀ. ಉಳಿದೆರಡು ಅಂಕಿ ಒಳ ಅಗಲ. 420ಕ್ಕೆ 6.35 ಮಿ.ಮೀ., 428ಕ್ಕೆ 7.94. ಮೋಸ ಇರುವುದು ಇಲ್ಲೇ. 428 ಚೈನ್ 420 ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಮೇಲೆ ಸಲೀಸಾಗಿ ಕೂತುಬಿಡುತ್ತದೆ, ಆಮೇಲೆ ಪಕ್ಕಕ್ಕೆ ತೂಗಾಡಿ ಹಲ್ಲು ತಿನ್ನುತ್ತದೆ. ಕೊಂಡಿಗಳನ್ನೂ ಎಣಿಸಿ. ಸಂಖ್ಯೆ ಸಾಮಾನ್ಯವಾಗಿ ಸರಿಸಂಖ್ಯೆಯೇ.

ಸ್ಪ್ರಾಕೆಟ್ಟಿನಲ್ಲಿ ಹಲ್ಲು ಎಣಿಸಿದರೆ ಸಾಲದು. 42 ಹಲ್ಲು, ನಾಲ್ಕು ಬೋಲ್ಟ್ ತೂತು, ಎಲ್ಲ ಒಂದೇ ಇದ್ದೂ ಕೂರದಿರಬಹುದು. ಎದುರುಬದುರು ತೂತುಗಳ ನಡುವಿನ ದೂರ, ಮಧ್ಯದ ದೊಡ್ಡ ತೂತಿನ ಅಳತೆ, ಎರಡನ್ನೂ ಅಳತೆಯ ಕ್ಯಾಲಿಪರಿನಲ್ಲಿ ಹಿಡಿದು ನೋಡಿ. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಮಧ್ಯದ ತೂತಿನ ಒಳಗಿನ ಗೆರೆಗಳನ್ನು ಎಣಿಸಿ.

‘ಸ್ವಲ್ಪ ಮೈಲೇಜ್ ಬರಲಿ’ ಎಂದು ಮುಂದೆ ಒಂದು ಹಲ್ಲು ಜಾಸ್ತಿ ಹಾಕುವವರಿದ್ದಾರೆ. ಮುಂದೆ 14 ಹಲ್ಲು, ಹಿಂದೆ 42 ಎಂದರೆ ಅನುಪಾತ 3. ಮುಂದಿನದನ್ನು 15 ಮಾಡಿದರೆ 2.8. ಮುಂದಿನ ಒಂದು ಹಲ್ಲು ಹಿಂದಿನ ಸುಮಾರು ಮೂರು ಹಲ್ಲಿಗೆ ಸಮ. ಸಣ್ಣ ಎಂಜಿನ್ನಿಗೆ ಇದು ಸಣ್ಣ ಬದಲಾವಣೆ ಅಲ್ಲ. ಚೈನ್ ಜೋಡಿಸುವ ಲಾಕ್ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಇದನ್ನು ಉಲ್ಟಾ ಹಾಕಿದ ಗಾಡಿಗಳನ್ನು ಈಗಲೂ ನೋಡುತ್ತಿರುತ್ತೇನೆ.

ಬೇರಿಂಗ್ ಸುಲಭ, ಪ್ಲಗ್ ಹುಷಾರು

ನನಗೆ ಅತಿ ಇಷ್ಟದ ಭಾಗ ಬೇರಿಂಗ್. ಅದಕ್ಕೆ ಗಾಡಿಯ ಜಾತಿ ಗೊತ್ತಿಲ್ಲ. ಮೇಲಿರುವ 6301, 6202, 6203 ಎಂಬ ನಂಬರ್ ಜಗತ್ತಿನಲ್ಲೆಲ್ಲ ಒಂದೇ. 6301 ಎಂದರೆ ಒಳಗೆ 12, ಹೊರಗೆ 37, ದಪ್ಪ 12 ಮಿ.ಮೀ. ಯಾವ ಕಂಪನಿ ಮಾಡಿದರೂ ಅಷ್ಟೇ. ಚಕ್ರಕ್ಕೆ ಎರಡೂ ಬದಿ ರಬ್ಬರ್ ಮುಚ್ಚಿದ್ದನ್ನು, ಅಂದರೆ 2ಆರ್‌ಎಸ್ ಎಂದಿರುವುದನ್ನು ಕೇಳಿ. ಆಯಿಲ್ ಸೀಲ್ ಕೂಡ ಹೀಗೇ. ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಅದರ ಮೈಮೇಲೆ ಇರುತ್ತವೆ.

ಸ್ಪಾರ್ಕ್ ಪ್ಲಗ್ ಹಾಗಲ್ಲ. ಎನ್‌ಜಿಕೆ ಪ್ಲಗ್‌ನ ಸಿ7ಎಚ್‌ಎಸ್‌ಎ ಎಂಬ ಹೆಸರಿನಲ್ಲಿ ಸಿ ಎಂದರೆ 10 ಮಿ.ಮೀ. ಮರೆ, ಅಂದರೆ ತಿರುಪಿನ ಥ್ರೆಡ್ (ಡಿ ಇದ್ದರೆ 12), ಎಚ್ ಎಂದರೆ ಮರೆಯ ಉದ್ದ 12.7 ಮಿ.ಮೀ., ಇ ಇದ್ದರೆ 19. ಉದ್ದ ಜಾಸ್ತಿಯಾದರೆ ಪಿಸ್ಟನ್ನಿಗೆ ಬಡಿಯಬಹುದು. 7 ಎಂಬುದು ಬಿಸಿ ಹೊರಹಾಕುವ ಮಟ್ಟ. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಣ್ಣಗೆ. ಬಾಷ್‌ನಲ್ಲಿ ಇದು ಉಲ್ಟಾ! ಹಾಗಾಗಿ ಬೇರೆ ಕಂಪನಿಯದು ತರುವಾಗ ಅಂಕಿ ಹೊಂದಿಸಬೇಡಿ, ಆ ಕಂಪನಿಯ ಹೋಲಿಕೆ ಪಟ್ಟಿ ನೋಡಿ.

ಉಳಿದವು ಚುಟುಕಾಗಿ. ಬ್ರೇಕ್ ಶೂ ತರುವ ಮುಂಚೆ ಡ್ರಮ್ಮಿನ ಒಳ ಅಳತೆ ನೋಡಿ. ಎಷ್ಟರವರೆಗೆ ಸವೆಯಬಹುದು ಎಂಬುದು ಎಷ್ಟೋ ಡ್ರಮ್ಮುಗಳಲ್ಲಿ ಅಚ್ಚಾಗಿರುತ್ತದೆ. ಅದು ದಾಟಿದ್ದರೆ ಶೂ ಬದಲಿಸಿ ಪ್ರಯೋಜನವಿಲ್ಲ. ಬ್ಯಾಟರಿಗೆ ವೋಲ್ಟ್ ಜೊತೆ ಪ್ಲಸ್ ತುದಿ ಎಡಕ್ಕೋ ಬಲಕ್ಕೋ ನೋಡಿ, ಹಳೆಯ ಗಾಡಿ 6 ವೋಲ್ಟಿನದೂ ಇರಬಹುದು. 35 ವ್ಯಾಟ್ ಬಲ್ಬಿನ ಜಾಗಕ್ಕೆ 60 ವ್ಯಾಟಿನದು ಹಾಕಿದರೆ ಸಣ್ಣ ಗಾಡಿಯ, ಕರೆಂಟ್ ಕೊಡುವ ಕಾಯಿಲ್ ತಡೆಯುವುದಿಲ್ಲ. ಇಂಡಿಕೇಟರ್ ಎಲ್‌ಇಡಿ ಮಾಡಿಸಿದರೆ ಫ್ಲಾಷರನ್ನೂ ಬದಲಿಸಿ, ಇಲ್ಲದಿದ್ದರೆ ಗಡಿಬಿಡಿಯಲ್ಲಿ ಮಿಟುಕುತ್ತದೆ. ‘ಎಲ್ಲ ಗಾಡಿಗೂ ಆಗುತ್ತದೆ’ ಎನ್ನುವ ಕನ್ನಡಿ ಯಮಹಾದ ಬಲಗಡೆಗೆ ಆಗದೇ ಇರಬಹುದು, ಅಲ್ಲಿನ ಮರೆ ಉಲ್ಟಾ ಇರುತ್ತದೆ. 10 ಮಿ.ಮೀ. ಬೋಲ್ಟನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದರೆ ಅದರ ಮರೆಯ ಸುತ್ತುಗಳ ನಡುವಿನ ದೂರ ಸಾಮಾನ್ಯವಾಗಿ 1.5 ಮಿ.ಮೀ., ಜಪಾನ್ ಮೂಲದ ಗಾಡಿಯಲ್ಲಿರುವುದು 1.25. ಎರಡು ಸುತ್ತು ಹೋಗಿ ನಿಂತರೆ ಸ್ಪ್ಯಾನರ್ ಹಾಕಿ ಎಳೆಯಬೇಡಿ.

ಕೂರಿಸುವ ದಿನ

ಹೊಸ ಭಾಗವನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಿದ ಮೇಲೆಯೇ ಪ್ಯಾಕೆಟ್ ಪೂರ್ತಿ ಹರಿಯಿರಿ. ಗ್ರೀಸ್ ತಾಗಿದ ಸಾಮಾನನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಟೈರಿನ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೇ ಇದೆಯೇ ನೋಡಿ. ಗಾಳಿ ತುಂಬಿದ ಮೇಲೆ ರಿಮ್ ಅಂಚಿನ ಪಕ್ಕ ಟೈರಿನಲ್ಲಿ ಒಂದು ಸಣ್ಣ ಗೆರೆ ಕಾಣುತ್ತದೆ. ಅದು ಸುತ್ತಲೂ ಒಂದೇ ದೂರದಲ್ಲಿರಬೇಕು. ಒಂದು ಕಡೆ ಮುಳುಗಿದ್ದರೆ ಗಾಳಿ ಬಿಟ್ಟು ಮತ್ತೆ ಕೂರಿಸಿ. ನಂತರ ಸೆಂಟರ್ ಸ್ಟ್ಯಾಂಡ್ ಹಾಕಿ ಕೈಯಲ್ಲಿ ಚಕ್ರ ತಿರುಗಿಸಿ, ಕಿವಿ ಕೊಟ್ಟು ಕೇಳಿ. ಇಬ್ಬರನ್ನು ಸೀಟಿನ ಮೇಲೆ ಕೂರಿಸಿ ಕುಲುಕಿಸಿ, ಆಗಲೂ ಯಾವುದೂ ತಾಗಬಾರದು. ಹೊಸ ಟೈರಿನ ಮೈ ನುಣುಪಾಗಿರುವುದರಿಂದ ಮೊದಲ 150 ಕಿಲೊಮೀಟರ್ ತಿರುವಿನಲ್ಲಿ ಜಾಸ್ತಿ ವಾಲಬೇಡಿ, ಜೋರಾಗಿ ಬ್ರೇಕ್ ಹಿಡಿಯಬೇಡಿ. ಮತ್ತೆ, ಹೊಸದರ ಅಂಕಿಯನ್ನೆಲ್ಲ ಕೈಪಿಡಿಯ ಹಿಂದಿನ ಪುಟದಲ್ಲಿ ಬರೆದಿಡಿ. ನಿಮ್ಮ ನಂತರ ಆ ಗಾಡಿ ಕೊಳ್ಳುವವರಿಗೆ ನನ್ನ ಗತಿ ಬರುವುದಿಲ್ಲ.