ಗ್ರಹಣ, ಗರ್ಭಿಣಿ ಮತ್ತು ಸೀಳುತುಟಿ: ಅಜ್ಜಿಯಂದಿರೊಂದಿಗೆ ವಾದಿಸಿದ ನನ್ನ ಅನುಭವ

ಗ್ರಾಮೀಣ ಆರೋಗ್ಯ ಉಪಕೇಂದ್ರವೊಂದರಲ್ಲಿ ಕೆಲಸ ಮಾಡುವ ನನಗೆ ಗ್ರಹಣವೆಂದರೆ ಮುಖ್ಯವಾಗಿ ಗರ್ಭಿಣಿಯರ ಊಟದ ಚಿಂತೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಮ್ಮ ರಾಜ್ಯದಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಹಿಡಿದು ಹನ್ನೊಂದರ ಸುಮಾರಿಗೆ ಬಿಟ್ಟಿತು. ಸೂರ್ಯಗ್ರಹಣಕ್ಕೆ ನಾಲ್ಕು ಯಾಮ, ಅಂದರೆ ಹನ್ನೆರಡು ಗಂಟೆ ಮೊದಲೇ ವೇಧ, ಎಂದರೆ ಊಟ ನಿಷಿದ್ಧವಾದ ಹೊತ್ತು, ಆರಂಭವಾಗುತ್ತದೆಂಬ ಲೆಕ್ಕ ಹಿಡಿದರೆ, ಹಿಂದಿನ ರಾತ್ರಿ ಎಂಟರಿಂದ ಗ್ರಹಣ ಬಿಟ್ಟ ಮೇಲಿನ ಮೋಕ್ಷದ ಸ್ನಾನ ಮುಗಿಯುವವರೆಗೆ ಗರ್ಭಿಣಿ ಏನನ್ನೂ ತಿನ್ನುವಂತಿಲ್ಲ. ಕೆಲವು ಮನೆಗಳಲ್ಲಿ ನೀರೂ ಇಲ್ಲ. ರಕ್ತಹೀನತೆ ಇರುವವಳಿಗೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವಳಿಗೆ ಇದು ಸಣ್ಣ ಮಾತಲ್ಲ.

ಇಂಥ ಮನೆಗಳಿಗೆ ಹೋದಾಗ ನಾನು ಮೊದಲು ಮಾತಿಗೆ ಕೂರುವುದು ಗರ್ಭಿಣಿಯ ಅತ್ತೆ ಅಥವಾ ಅಜ್ಜಿಯ ಜೊತೆ, ಏಕೆಂದರೆ ತೀರ್ಮಾನ ಅವರದು. ಜಪ, ಸ್ನಾನ, ದಾನಗಳ ಗೊಡವೆಗೆ ನಾನು ಹೋಗುವುದಿಲ್ಲ. ಅವುಗಳಿಂದ ಯಾರಿಗೂ ಕೇಡಿಲ್ಲ, ಅವು ಸರಿಯೋ ತಪ್ಪೋ ಎಂದು ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ‘ಇದನ್ನು ಮಾಡಿದರೆ ಮಗುವಿಗೆ ಹೀಗಾಗುತ್ತದೆ’ ಎಂಬ ಮಾತು ದೇಹಕ್ಕೆ ಸಂಬಂಧಿಸಿದ್ದು, ಪರೀಕ್ಷಿಸಿ ನೋಡಬಹುದಾದದ್ದು. ನನ್ನ ವಾದ ಅಷ್ಟಕ್ಕೇ ಸೀಮಿತ.

ಒಂದು ಮನೆಯ ಅಜ್ಜಿ, “ಗ್ರಹಣದ ಹೊತ್ತಿನಲ್ಲಿ ಈಳಿಗೆ ಮುಟ್ಟಿದ್ದಕ್ಕೇ ಪಕ್ಕದ ಮನೆಯ ಮಗುವಿನ ತುಟಿ ಸೀಳಿದ್ದು, ಸಿಸ್ಟರ್” ಎಂದರು. ಆಗ ಆ ತಾಯಿಗೆ ಎಷ್ಟು ತಿಂಗಳಾಗಿತ್ತೆಂದು ಕೇಳಿದೆ. ಏಳು ತುಂಬಿತ್ತಂತೆ. ಅಜ್ಜಿಯ ಗರ್ಭಿಣಿ ಸೊಸೆಯ ‘ತಾಯಿ ಕಾರ್ಡ್’ (ಬಸಿರಿನ ತಪಾಸಣೆಯ ವಿವರ ಬರೆಯುವ ಕಾರ್ಡ್) ತೆರೆದು, ಕೊನೆಯ ಮುಟ್ಟಿನ ದಿನಾಂಕದಿಂದ ವಾರಗಳನ್ನು ಒಟ್ಟಿಗೆ ಎಣಿಸಿದೆವು. ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಗರ್ಭದ ಮೊದಲ ಎರಡು ತಿಂಗಳ ಸುಮಾರಿಗೆ, ಅನೇಕ ಹೆಂಗಸರಿಗೆ ಬಸಿರು ಖಚಿತವಾಗುವ ಹೊತ್ತಿಗೇ. ಏಳನೆಯ ತಿಂಗಳಿನ ಈಳಿಗೆ ಆ ತುಟಿಯನ್ನು ಬಿಡಿಸಲು ಸಾಧ್ಯವೇ ಎಂದು ಕೇಳಿದಾಗ ಅಜ್ಜಿ ಸುಮ್ಮನಾಗಲಿಲ್ಲ: “ಹಾಗಾದರೆ ಎರಡು ತಿಂಗಳಿದ್ದಾಗ ಹಿಡಿದ ಗ್ರಹಣದಿಂದ ಆಗಬಹುದಲ್ಲ?”

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ತರಬೇತಿಯಲ್ಲೂ ಯಾರೂ ಕೇಳಿರಲಿಲ್ಲ. ಇಡೀ ರಾಜ್ಯಕ್ಕೆ ಕಾಣುವ ಗ್ರಹಣ ಕಾರಣವಾಗಿದ್ದರೆ, ಅದಾದ ಏಳೆಂಟು ತಿಂಗಳಿಗೆ ಎಲ್ಲ ಊರುಗಳಲ್ಲೂ ಸೀಳುತುಟಿಯ ಮಕ್ಕಳು ಒಟ್ಟೊಟ್ಟಿಗೆ ಹುಟ್ಟಬೇಕಿತ್ತು, ಉಳಿದ ದಿನಗಳಲ್ಲಿ ಹುಟ್ಟಬಾರದಿತ್ತು. ಆದರೆ ಅವರು ಎಲ್ಲ ಕಾಲದಲ್ಲೂ ಹುಟ್ಟುತ್ತಾರೆ ಎಂದೆ. ವಂಶವಾಹಿಗಳು, ತಂಬಾಕು, ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ, ಕೆಲವು ಔಷಧಗಳು ಇದರ ಸಂಭವವನ್ನು ಹೆಚ್ಚಿಸುತ್ತವೆ. ಎಷ್ಟೋ ಬಾರಿ ನಿಶ್ಚಿತ ಕಾರಣ ಸಿಗುವುದೇ ಇಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆ. ಪಕ್ಕದ ಮನೆಯ ಮಗುವಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಉಚಿತ ಶಸ್ತ್ರಚಿಕಿತ್ಸೆ ಸಿಗುತ್ತದೆಂಬ ಮಾತಿಗೆ ಬಂದಾಗ ವಾದ ತಾನಾಗಿಯೇ ಬದಿಗೆ ಸರಿಯಿತು. ಈ ನಂಬಿಕೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಉಪವಾಸಕ್ಕಿಂತಲೂ ಆ ತಾಯಿಯ ತಲೆಗೆ ಕಟ್ಟಿದ ಅಪವಾದ.

ಉಪವಾಸದ ವಿಷಯದಲ್ಲಿ ಪಂಚಾಂಗವೇ ನನ್ನ ನೆರವಿಗೆ ಬರುತ್ತದೆ. ಬಾಲರು, ವೃದ್ಧರು, ಆತುರರಿಗೆ (ಅಂದರೆ ರೋಗಿಗಳಿಗೆ) ವೇಧದ ನಿಯಮದಲ್ಲಿ ಸಡಿಲಿಕೆ ಇದೆಯೆಂದು ಪಂಚಾಂಗಗಳಲ್ಲಿ ಅಚ್ಚಾಗಿರುತ್ತದೆ. ಮನೆಯ ಯಜಮಾನರಿಂದಲೇ ಅದನ್ನು ಓದಿಸುತ್ತೇನೆ. ಗ್ರಹಣದ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹೇಳಲು ಸಾಧ್ಯವಾಗುವುದು ಗಣಿತದಿಂದ ಎಂಬುದನ್ನೂ, ಚಂದ್ರನು ಸೂರ್ಯನನ್ನು ಮರೆಮಾಡುತ್ತಾನೆಂದು ಆರ್ಯಭಟ ಐದನೆಯ ಶತಮಾನದ ಕೊನೆಗೇ ಬರೆದಿದ್ದನೆಂಬುದನ್ನೂ ಆಗ ಸೇರಿಸುತ್ತೇನೆ. ನಮ್ಮವರೇ ಕಂಡುಕೊಂಡದ್ದು ಎಂದಾಗ ಹಿರಿಯರ ಬಿಗಿ ಸಡಿಲವಾಗುತ್ತದೆ.

ಅಜ್ಜಿಯಂದಿರಿಗಿಂತ ಕಷ್ಟದ ಎದುರಾಳಿಗಳೆಂದರೆ ‘ಗ್ರಹಣದಲ್ಲಿ ವಿಷಕಿರಣ ಬರುತ್ತದೆ’ ಎಂದು ಮೊಬೈಲ್ ತೋರಿಸುವ ಓದಿದ ಹುಡುಗರು. ಸೂರ್ಯನಿಂದ ಹೊಸ ಕಿರಣವೇನೂ ಹೊರಡುವುದಿಲ್ಲ, ನಮಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ, ಅಷ್ಟೆ. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ಅಕ್ಷಿಪಟಲ ನೋವಿಲ್ಲದೆಯೇ ಸುಡಬಹುದು ಎಂಬ ಎಚ್ಚರಿಕೆ ಮಾತ್ರ ನಿಜ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡುತ್ತೇನೆ.

ಆ ಅಜ್ಜಿ ಈಳಿಗೆಯ ವಿಷಯದಲ್ಲಿ ಇಂದಿಗೂ ಪೂರ್ತಿ ಒಪ್ಪಿಲ್ಲ. ಸೊಸೆಗೆ ಮಾತ್ರ ಗ್ರಹಣದ ಬೆಳಿಗ್ಗೆ ಗಂಜಿ ಕೊಟ್ಟರು, ಅದರ ಮೇಲೊಂದು ದರ್ಭೆಯ ಎಳೆ ಇಟ್ಟು. 2027ರ ಆಗಸ್ಟ್ 2ರಂದು ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣುವುದು ಸಂಜೆಯ ಹೊತ್ತಿಗೆ. ವೇಧದ ಲೆಕ್ಕ ಹಿಡಿದವರಿಗೆ ಇಡೀ ಹಗಲು ಉಪವಾಸ ಬೀಳುವುದರಿಂದ ತಾಯಂದಿರ ಸಭೆಗಳಲ್ಲಿ ಈ ಮಾತನ್ನು ಈಗಿನಿಂದಲೇ ಎತ್ತುತ್ತಿದ್ದೇನೆ.