ಆಯಿಯ ರವಿಕೆ, ನನ್ನ ಅಳತೆ

ಶಿರಸಿಯ ನಮ್ಮ ಮನೆಯ ಅಟ್ಟದಲ್ಲಿ ಕಬ್ಬಿಣದ ಟ್ರಂಕೊಂದಿದೆ. ಮಳೆ ಮುಗಿದು ಗಟ್ಟಿ ಬಿಸಿಲು ಬಿದ್ದ ಮೊದಲ ವಾರ ಅದನ್ನು ಕೆಳಗಿಳಿಸುವುದು ರೂಢಿ. ಮೂರು ವರ್ಷದ ಹಿಂದೆ ಹಾಗೆ ಇಳಿಸಿದಾಗ ಆಯಿಯ, ಎಂದರೆ ನನ್ನ ಅಮ್ಮನ, ಮದುವೆ ಸೀರೆ ಸಿಕ್ಕಿತು, ಜೊತೆಗೆ ಮಡಿಸಿಟ್ಟ ರವಿಕೆಯೂ. ಸೀರೆ ಉಟ್ಟೆ. ರವಿಕೆಯ ತೋಳು ಮೊಣಕೈ ದಾಟಿ ಮೇಲೇರಲಿಲ್ಲ. ಎರಡು ಹೆರಿಗೆಯಾಗಿದೆ, ನಲವತ್ತು ದಾಟಿದೆ, ಥೈರಾಯ್ಡ್ ಮಾತ್ರೆ ನಡೆದಿದೆ. ಅದರ ಹಿಂದಿನ ವಾರವಷ್ಟೇ ಬಟ್ಟೆಯಂಗಡಿಯೊಂದರಲ್ಲಿ "ನಿಮ್ಮ ಸೈಜಿಂದು ಬರೋದಿಲ್ಲ ಮೇಡಂ" ಅನ್ನಿಸಿಕೊಂಡು ಬಂದಿದ್ದೆ. ಟ್ರಂಕಿನ ಮುಂದೆ ಕೂತು ಅತ್ತುಬಿಟ್ಟೆ.

ಆಯಿ ಏನೂ ಹೇಳದೆ ರವಿಕೆಯ ಒಳಮೈ ತಿರುಗಿಸಿ ನನ್ನ ತೊಡೆಯ ಮೇಲೆ ಹಾಸಿದಳು. ಪಕ್ಕದ ಹೊಲಿಗೆಯಾಚೆ ಒಂದೂವರೆ ಇಂಚು ಬಟ್ಟೆ ಇತ್ತು. ಅದರ ಮೇಲೆ ಹಿಂದೆ ಹೊಲಿಗೆ ಬಿಚ್ಚಿದ ತೂತುಗಳ ಸಾಲು. ಮದುವೆಯ ಹೊತ್ತಿನ ಗೆರೆ, ಅಣ್ಣ ಹುಟ್ಟಿದ ಮೇಲಿನದು, ನಾನು ಹುಟ್ಟಿದ ಮೇಲಿನದು, ಮುಂದೆ ಕಾಯಿಲೆ ಬಿದ್ದು ಸೊರಗಿದಾಗ ಪುನಃ ಒಳಗಿನ ಗೆರೆ. "ಬಟ್ಟೆ ಇನ್ನೂ ಇದ್ದು, ಬಿಚ್ಚಿರೆ ಆತು. ಅಳದು ಎಂತಕ್ಕೆ?" ಎಂದಳು.

ಹೆಂಗಸಿನ ಮೈ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ ಎಂದು ಆ ದರ್ಜಿಗೆ ಗೊತ್ತಿತ್ತು. ಗೊತ್ತಿದ್ದೇ ಕತ್ತರಿ ಹಾಕಿದ್ದ. ಇವತ್ತಿನ ರೆಡಿಮೇಡ್ ಕುರ್ತಾದ ಒಳಗೆ ನೋಡಿ, ಕಾಲಿಂಚೂ ಹೆಚ್ಚಿಗೆ ಇರುವುದಿಲ್ಲ. ಅಲ್ಲಿ ಬಟ್ಟೆ ಉಳಿಸಿದ್ದಾರೆ, ತಪ್ಪನ್ನು ನಮ್ಮ ಸೊಂಟದ ಮೇಲೆ ಹೊರಿಸಿದ್ದಾರೆ. ಅವತ್ತಿನಿಂದ ನಾನು ಹಳೆಯ ಬಟ್ಟೆಗಳನ್ನೇ ಹುಡುಕಿ, ನನ್ನ ಮೈಗೆ ತಕ್ಕಂತೆ ಬಿಚ್ಚಿ ಹೊಲಿಸಿ ಉಡುತ್ತಿದ್ದೇನೆ. ಹೇಗೆಂದು ಇಲ್ಲಿ ಬರೆದಿದ್ದೇನೆ.

ಹುಡುಕುವುದು ಎಲ್ಲಿ?

ದೊಡ್ಡ ಊರುಗಳಲ್ಲಿ 'ವಿಂಟೇಜ್' ಎಂದು ಬೋರ್ಡು ಹಾಕಿದ ಅಂಗಡಿಗಳಿವೆ. ನಮಗೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರ ಟ್ರಂಕುಗಳೇ ಆ ಅಂಗಡಿ. ಹಬ್ಬಕ್ಕೋ ತಿಥಿಗೋ ಹೋದಾಗ ನಾಚದೆ ಕೇಳಿ: "ಚಿಕ್ಕಮ್ಮ, ನೀವು ಉಡದೇ ಇರೋ ಸೀರೆ ಇದ್ರೆ ನೋಡ್ಲಾ?" ಇಲ್ಲವೆಂದವರನ್ನು ನಾನಿನ್ನೂ ಕಂಡಿಲ್ಲ. ಸೀರೆಯ ಜೊತೆ ಅದರ ಕತೆಯೂ ಬರುತ್ತದೆ, ಅದಕ್ಕೆಂದೇ ಅರ್ಧ ದಿನ ಬಿಡುವಿಟ್ಟುಕೊಂಡು ಹೋಗಿ. ಅಕ್ಕತಂಗಿಯರು, ನಾದಿನಿಯರು ಸೇರಿ ವರ್ಷಕ್ಕೊಮ್ಮೆ ಅದಲುಬದಲು ಮಾಡಿಕೊಳ್ಳುವುದೂ ಚೆನ್ನ.

ಒಂದು ವಿಷಯದಲ್ಲಿ ಮಾತ್ರ ಅವಸರ ಮಾಡಬೇಕು. ಹಳೇ ಜರಿ ಸೀರೆ ಕೊಳ್ಳುವವರು, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಓಣಿಗೆ ಬರುವ ಮುಂಚೆ ನೀವು ಹೋಗಿರಬೇಕು. ಜರಿ ಕೊಳ್ಳುವವರಿಗೆ ಬೇಕಿರುವುದು ಸೀರೆಯಲ್ಲ. ಅದನ್ನು ಸುಟ್ಟರೆ ಸಿಗುವ ಬೆಳ್ಳಿ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಸರ್ಕಾರಿ ರೇಷ್ಮೆ ಕಾರ್ಖಾನೆಯ ಸೀರೆಗಳ ಜರಿಯಲ್ಲಿ ಶೇಕಡಾ 65ರಷ್ಟು ಬೆಳ್ಳಿ, ಶೇಕಡಾ 0.65ರಷ್ಟು ಚಿನ್ನ ಇರುತ್ತದೆ. ಹಣದ ತೀರಾ ಅಡಚಣೆ ಇದ್ದವರನ್ನು ನಾನು ದೂರುವುದಿಲ್ಲ. ಆದರೆ ಎರಡು ಪಾತ್ರೆಗಾಗಿ ಅಜ್ಜಿಯ ಸೀರೆ ಬೆಂಕಿಗೆ ಹೋದದ್ದನ್ನು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ದುಡ್ಡು ಕೊಟ್ಟು ಕೊಳ್ಳುವಾಗ

ಬಳಸಿದ ಸೀರೆಯನ್ನು ಗುರುತಿಲ್ಲದವರಿಂದ ಕೊಳ್ಳುವುದಾದರೆ ಹಗಲಿನ ಬೆಳಕಿನಲ್ಲಿ ಪೂರ್ತಿ ಬಿಡಿಸಿ ನೋಡಿ. ಮೊದಲು ಮಡಿಕೆಗಳನ್ನು ಬೆಳಕಿಗೆ ಹಿಡಿಯಿರಿ. ರೇಷ್ಮೆ ಸಾಯುವುದು ಮಡಿಕೆಯಲ್ಲಿ. ಗೆರೆಯುದ್ದಕ್ಕೂ ಬೆಳಕು ತೂರಿ ಬಂದರೆ ಆ ಸೀರೆ ಒಂದೆರಡು ಸಲಕ್ಕಿಂತ ಹೆಚ್ಚು ತಡೆಯದು, ಬಿಟ್ಟುಬಿಡಿ. ಆಮೇಲೆ ಮೂಸಿ. ಬೂಷ್ಟಿನ ವಾಸನೆ ಬಿಸಿಲಿಗೆ, ಗಾಳಿಗೆ ಹೋಗುತ್ತದೆ, ಆದರೆ ಬೂಷ್ಟಿನ ಕಪ್ಪು ಚುಕ್ಕೆ ಹೋಗುವುದು ಕಷ್ಟ. ಭುಜದ ಬಳಿ ಪಿನ್ನಿನ ತೂತು, ನೆರಿಗೆಯ ಕೆಳಗೆ ಹಿಮ್ಮಡಿ ಉಜ್ಜಿದ ಗುರುತು ಇದ್ದರೆ ಹೆದರಬೇಕಿಲ್ಲ. ಫಾಲ್ ಹಚ್ಚಿದರೆ ಕೆಳಗಿನದು ಮುಚ್ಚುತ್ತದೆ.

ರೇಷ್ಮೆಯೋ ಪಾಲಿಯೆಸ್ಟರೋ ತಿಳಿಯಬೇಕಿದ್ದರೆ ಅಂಚಿನಿಂದ ಒಂದೆಳೆ ಕಿತ್ತು ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರಿಸಿ, ಉಜ್ಜಿದರೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಜರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಕೆಂಪು ರೇಷ್ಮೆ ಎಳೆ ಕಂಡರೆ ಒಳ್ಳೆಯ ಸೂಚನೆ. ಇಳಕಲ್ ಸೀರೆಯಾದರೆ ಒಡಲಿಗೂ ಸೆರಗಿಗೂ ಕೊಂಡಿ ಹಾಕಿದ ಜಾಗವನ್ನು ಎರಡೂ ಕಡೆಯಿಂದ ಸ್ವಲ್ಪ ಎಳೆದು ನೋಡಿ, ಹತ್ತಿಯ ಒಡಲಿಗಿಂತ ಮೊದಲು ರೇಷ್ಮೆಯ ಸೆರಗು ಸೋಲುವುದುಂಟು.

ಅಜ್ಜಿಯ ಕಚ್ಚೆ ಸೀರೆ ಸಿಕ್ಕರೆ ನಿಮ್ಮ ಅದೃಷ್ಟ. ಅದು ಒಂಬತ್ತು ಗಜ, ಎಂದರೆ ಸುಮಾರು 8.2 ಮೀಟರ್. ನಾವು ಉಡುವ ಸೀರೆಗೆ 5.5 ಮೀಟರ್ ಸಾಕು. ಉಳಿದ 2.7 ಮೀಟರಿನಲ್ಲಿ ದಪ್ಪ ಮೈಯವರಿಗೂ ಧಾರಾಳವಾದ ಒಂದು ಕುರ್ತಾ ಆಗುತ್ತದೆ. ನನ್ನದು ಹಾಗೆಯೇ ಆಯಿತು.

ರವಿಕೆ ಬಿಚ್ಚುವ ಕೆಲಸ

ಇದನ್ನು ಮನೆಯಲ್ಲೇ ಮಾಡಬಹುದು. ಧೈರ್ಯ ಸಾಲದಿದ್ದರೆ ದರ್ಜಿಯ ಬಳಿ ಹೋಗಿ, ಆದರೆ ಏನು ಮಾಡಬೇಕೆಂದು ತಿಳಿದುಕೊಂಡು ಹೋಗಿ.

ಒಂದು. ಮೊದಲು ನಿಮ್ಮ ಎದೆಸುತ್ತಳತೆ, ತೋಳಿನ ಸುತ್ತಳತೆ ತೆಗೆಯಿರಿ. ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಅಲ್ಲ. ಊಟ ಮಾಡಿ ಕೂತಾಗ ಇರುವ ಹಾಗೆ. ಮದುವೆ ಮನೆಯಲ್ಲಿ ನೀವು ಇರುವುದು ಹಾಗೆಯೇ. ಅಳತೆಯ ಸಂಖ್ಯೆಯನ್ನು ಜೋರಾಗಿ ಓದಿ ಬರೆದುಕೊಳ್ಳಿ. ನಾನು ಮೊದಲ ಸಲ 44 ಎಂದು ಬರೆಯುವಾಗ ಕೈ ತಡೆದಿತ್ತು, ಈಗ ಫೋನ್ ನಂಬರ್ ಹೇಳಿದಂತೆ ಹೇಳುತ್ತೇನೆ.

ಎರಡು. ರವಿಕೆಯನ್ನು ತಿರುಗಿಸಿ, ಪಕ್ಕದ ಹೊಲಿಗೆಯಾಚೆ ಎಷ್ಟು ಬಟ್ಟೆ ಉಳಿದಿದೆ ನೋಡಿ. ಎಡ ಬಲ ಎರಡು ಪಕ್ಕ, ಪ್ರತಿ ಪಕ್ಕಕ್ಕೆ ಮುಂಭಾಗ, ಹಿಂಭಾಗ. ಒಟ್ಟು ನಾಲ್ಕು ಅಂಚು. ಒಂದೊಂದರಲ್ಲಿ ಅರ್ಧ ಇಂಚು ಬಿಟ್ಟರೆ ಸುತ್ತಳತೆ ಎರಡು ಇಂಚು ಹಿಗ್ಗುತ್ತದೆ, ಒಂದಿಂಚು ಬಿಟ್ಟರೆ ನಾಲ್ಕು. ತುದಿಯಲ್ಲಿ ಅರ್ಧ ಇಂಚಾದರೂ ಉಳಿಯಲಿ.

ಮೂರು. ಹೊಸ ಗೆರೆಯಲ್ಲಿ ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಹಳೆ ಹೊಲಿಗೆ ಬಿಚ್ಚಿ. ಹೊಲಿಗೆಯೊಳಗೆ ನೇರವಾಗಿ ಚೂಪು ಕತ್ತರಿ, ಬ್ಲೇಡು ತೂರಿಸಬೇಡಿ. ನಾಲ್ಕು ಹೊಲಿಗೆಗೊಂದರಂತೆ ಸೂಜಿಯಿಂದ ಎತ್ತಿ ಕತ್ತರಿಸಿ ಎಳೆಯಿರಿ. ರೇಷ್ಮೆಯಲ್ಲಿ ಹಳೆ ತೂತಿನ ಗುರುತು ಪೂರ್ತಿ ಹೋಗುವುದಿಲ್ಲ, ಕಂಕುಳ ಕೆಳಗಾದ್ದರಿಂದ ಕಾಣುವುದೂ ಇಲ್ಲ.

ನಾಲ್ಕು. ತೊಟ್ಟು ನೋಡಿ. ಕೈ ಮೇಲೆತ್ತಿ, ಮಗುವನ್ನೋ ಕೊಡಪಾನವನ್ನೋ ಎತ್ತುವಂತೆ ಬಗ್ಗಿ. ಕಂಕುಳಲ್ಲಿ ಎಳೆದರೆ ಅಲ್ಲಿಗೆ ಮೂರಿಂಚಿನ ಚೌಕದ ತುಂಡೊಂದನ್ನು ಮೂಲೆ ಮೇಲಾಗಿ ಕೂರಿಸಬೇಕು. ಬಟ್ಟೆ ಎಲ್ಲಿಂದ? ಸೀರೆಯ ಒಳತುದಿಯಿಂದ. ಸೊಂಟದೊಳಗೆ ಸಿಕ್ಕಿಸುವ ಆ ತುದಿಯಲ್ಲಿ ಅರ್ಧ ಅಡಿ ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ, ಬಣ್ಣ ಹೊಂದುವ ಚಿಂತೆಯೂ ಇಲ್ಲ. ಹಳೆ ಬೆವರಿಗೆ ಕಂಕುಳ ರೇಷ್ಮೆ ಜೀರ್ಣವಾಗಿರುತ್ತದೆ, ಒಳಗಿನಿಂದ ತೆಳು ಹತ್ತಿ ಬಟ್ಟೆ ಕೊಡಿ.

ಐದು. ಎಲ್ಲ ಸರಿ ಅನ್ನಿಸಿದ ಮೇಲೆ ಮಿಷಿನ್ ಹೊಲಿಗೆ.

ಇಷ್ಟಾದರೂ ಬಾರದ ರವಿಕೆ ಇರುತ್ತದೆ. ಅದನ್ನು ಹಾಗೇ ಮಡಿಸಿಟ್ಟು ಬೇರೆ ಹತ್ತಿ ರವಿಕೆ ತೊಡಿ, ಶರ್ಟು ಹಾಕಿ, ಏನೂ ಬಾಧಕವಿಲ್ಲ. ಕಾರವಾರ, ಅಂಕೋಲೆಯ ಮೇ ತಿಂಗಳ ಸೆಕೆಗೆ ಸಡಿಲವಾದ ಹತ್ತಿ ಶರ್ಟಿನ ಮೇಲೆ ಸೀರೆ ಉಟ್ಟು ನೋಡಿದವರಿಗೇ ಅದರ ಸುಖ ಗೊತ್ತು.

ಹಾಗೆ ನೋಡಿದರೆ, ಅಳತೆಯ ಹಂಗೇ ಇಲ್ಲದ ಉಡುಗೆ ನಮ್ಮ ಜಿಲ್ಲೆಯಲ್ಲೇ ಇದೆ. ಹಾಲಕ್ಕಿ ಒಕ್ಕಲಿಗರ ಹಿರಿಯ ಹೆಂಗಸರು ರವಿಕೆಯಿಲ್ಲದೆ ಸೀರೆ ಬಿಗಿದು, ಕೊರಳ ತುಂಬ ಕರಿಮಣಿ ಸರಗಳನ್ನು ಹೇರಿಕೊಳ್ಳುತ್ತಾರೆ. 2021ರ ನವೆಂಬರ್‌ನಲ್ಲಿ ಅಂಕೋಲಾ ತಾಲ್ಲೂಕಿನ ತುಳಸಿ ಗೌಡ ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಹಾಸಿನ ಮೇಲೆ ನಡೆದು ಪದ್ಮಶ್ರೀ ಪಡೆದರು. ಗಿಡ ನೆಟ್ಟು ಬೆಳೆಸಿದ ಕೈ, ನೆಲ ತುಳಿದ ಪಾದ ಹೇಗಿದ್ದವೋ ಹಾಗೇ ಅಲ್ಲಿಗೆ ಹೋದವು. ಆ ಫೋಟೋವನ್ನು ನನ್ನ ಮಗಳ ಓದುವ ಮೇಜಿನ ಮೇಲೆ ಅಂಟಿಸಿದ್ದೇನೆ. ಆ ಉಡುಗೆ ಅವರ ಸಮುದಾಯದ್ದು, ಅದನ್ನು ವೇಷ ಮಾಡಿಕೊಳ್ಳಿ ಎನ್ನುತ್ತಿಲ್ಲ. ಆ ನಡಿಗೆಯನ್ನು ನೋಡಿ ಎನ್ನುತ್ತಿದ್ದೇನೆ.

ಲಂಗದ ಲಾಡಿ

ಈ ಮಾತು ಬಿಡುವಂತಿಲ್ಲ. ಸೀರೆ ಜಾರಬಾರದೆಂದು, ಸೊಂಟ ಸಣ್ಣ ಕಾಣಲೆಂದು ಲಾಡಿಯನ್ನು ಬಿಗಿಯುತ್ತೇವೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿದರೆ ಚರ್ಮ ಕಪ್ಪಾಗಿ, ಹುಣ್ಣಾಗಿ, ತೀರಾ ಅಪರೂಪಕ್ಕೆ ಆ ಹುಣ್ಣು ಕ್ಯಾನ್ಸರಿಗೆ ತಿರುಗಿದ್ದನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಲಾಡಿ ತೆಗೆಸಿ ಮೂರು ಬೆರಳಗಲದ ಮೆತ್ತನೆಯ ಪಟ್ಟಿ ಹಾಕಿಸಿ, ಕಟ್ಟುವ ಜಾಗವನ್ನು ಆಗಾಗ ಮೇಲೆ ಕೆಳಗೆ ಮಾಡಿ. ಸೊಂಟದಲ್ಲಿ ವಾಸಿಯಾಗದ ಹುಣ್ಣಿದ್ದರೆ ಅರಿಶಿನ ಹಚ್ಚಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಸೀರೆಗೂ ಕೂದಲಿಗೂ ಒಂದೇ ಪಾತ್ರೆ

ಎಂಟು ಅಂಟುವಾಳಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ಎರಡು ಲೋಟ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಆರಿಸಿ, ಕಿವುಚಿ ಸೋಸಿ. ಅರ್ಧವನ್ನು ಒಂದು ಬಕೆಟ್ ತಣ್ಣೀರಿಗೆ ಹಾಕಿ, ಬಣ್ಣ ಬಿಡದ ರೇಷ್ಮೆ ಸೀರೆಯನ್ನು ಅದರಲ್ಲಿ ಮುಳುಗಿಸಿ ಎತ್ತಿ. ಬಣ್ಣ ಬಿಡುತ್ತದೋ ಎಂದು ಮೊದಲೇ ಒಳತುದಿಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿರಬೇಕು. ತಿಕ್ಕಬೇಡಿ, ಹಿಂಡಬೇಡಿ. ನೆರಳಲ್ಲಿ ಹರವಿ. ಮಳೆಗಾಲದಲ್ಲಿ ಈ ಕೆಲಸವೇ ಬೇಡ, ಬಚ್ಚಲ ಒಲೆಯ ಮೇಲೆ ಒಣಗಿಸಿದ ರೇಷ್ಮೆಗೆ ಹಿಡಿದ ಹೊಗೆವಾಸನೆ ಬಿಡುವುದಿಲ್ಲ.

ಉಳಿದರ್ಧ ನಿಮ್ಮ ತಲೆಗೆ. ಎಣ್ಣೆ ಹಚ್ಚಿದ ಕೂದಲಿಗೆ ಇದರ ಜೊತೆ ಸೀಗೆಪುಡಿ ಒಂದು ಚಮಚ ಸೇರಿಸಿ. ಕಣ್ಣು ಮುಚ್ಚಿಕೊಳ್ಳಿ, ವಿಪರೀತ ಉರಿಯುತ್ತದೆ. ಕೊನೆಗೆ ದಾಸವಾಳದ ಎಲೆಯನ್ನೋ ಮತ್ತಿ ಸೊಪ್ಪನ್ನೋ ನೀರಿನಲ್ಲಿ ಕಿವುಚಿ ತೆಗೆದ ಗೊಂಪು (ಲೋಳೆ) ಹಚ್ಚಿ ತೊಳೆದರೆ ಸಿಕ್ಕು ಬಿಡಿಸುವುದು ಸುಲಭ.

ಒಡೆದ ಹಿಮ್ಮಡಿಗೆ, ತುಟಿಗೆ ನಮ್ಮ ಕಾಡೇ ಮದ್ದು ಕೊಟ್ಟಿದೆ. ಮುರುಗಲ ಹಣ್ಣಿನ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬೇ ಮುರುಗಲ ತುಪ್ಪ. ಕರಾವಳಿಯವರು ಕೋಕಂ ಎನ್ನುವುದೂ ಇದೇ ಹಣ್ಣನ್ನು. ತಣ್ಣಗಿದ್ದಾಗ ಗಟ್ಟಿ, ಮೈ ಬಿಸಿಗೆ ಮೆತ್ತಗಾಗಿ ಕರಗತೊಡಗುತ್ತದೆ. ಒಂದು ಪಾಲು ಮುರುಗಲ ತುಪ್ಪ, ಎರಡು ಪಾಲು ಕೊಬ್ಬರಿ ಎಣ್ಣೆ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಒಣ ಡಬ್ಬಿಗೆ ತುಂಬಿ. ಯಾವುದನ್ನಾದರೂ ಮೊದಲ ಸಲ ಹಚ್ಚುವಾಗ ಮೊಣಕೈ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ.

ಮುಖಕ್ಕೆ ಕಡಲೆಹಿಟ್ಟು, ಹೆಸರುಹಿಟ್ಟು ಜಿಡ್ಡು ತೆಗೆಯಲಿಕ್ಕೆ ಮಾತ್ರ. ಅದರಿಂದ ಬಣ್ಣ ಬದಲಾಗುವುದಿಲ್ಲ, ಬದಲಾಗಬೇಕಾಗಿಯೂ ಇಲ್ಲ. ಕಾಲೇಜಿನಲ್ಲಿದ್ದಾಗ ಬೆಳ್ಳಗಾಗಲೆಂದು ನಿಂಬೆರಸ ಹಚ್ಚಿಕೊಂಡು ಬಿಸಿಲಲ್ಲಿ ಬಸ್ಸಿಗೆ ನಿಂತಿದ್ದೆ. ಕೆನ್ನೆ ಸುಟ್ಟು, ಆದ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಿತು. ನಿಂಬೆಯಲ್ಲಿರುವ ಅಂಶ ಬಿಸಿಲು ತಾಗಿದರೆ ಚರ್ಮವನ್ನು ಸುಡುತ್ತದೆ. ದೇಶದ ಮನೆಮಾತಾಗಿದ್ದ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬುದನ್ನು ತೆಗೆದುಹಾಕಿತು. ನಮ್ಮ ಅಡುಗೆಮನೆಯ ಡಬ್ಬಿಗಳಿಂದಲೂ ಅದು ಹೋಗಲಿ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಬಿಳಿಮಾಡುವ ಕ್ರೀಮುಗಳಲ್ಲಿ ಪಾದರಸ, ಸ್ಟೀರಾಯ್ಡ್ ಇರುವುದುಂಟು. ಮಗಳ ಕೈಯಲ್ಲಿ ಕಂಡರೆ ಬೈಯದೆ, ಕೂರಿಸಿಕೊಂಡು ಹೇಳಿ.

ಮತ್ತೆ ಟ್ರಂಕಿಗೆ

ಹಳೆಯ ಮೆತ್ತನೆ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಬೇಡ. ನುಸಿಗುಳಿಗೆ ಜರಿಗೆ ತಾಗದಿರಲಿ, ಲಾವಂಚದ ಬೇರು ಇದ್ದರೆ ಅದೇ ಸಾಕು. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಉಡಲಾಗದಷ್ಟು ಹರಿದದ್ದನ್ನು ಕೌದಿಗೆ ಕೊಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನವರೆಗೆ ಹೊಲಿಯುವುದನ್ನು ಒಮ್ಮೆ ಕೂತು ನೋಡಬೇಕು. ಕೂಲಿಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.

ಹೊಸ ರವಿಕೆ ಹೊಲಿಸುವಾಗ ದರ್ಜಿಗೆ ಮೊದಲೇ ಹೇಳಿ: ಒಳಗೆ ಒಂದೂವರೆ ಇಂಚು ಬಿಡಿ, ಓವರ್‌ಲಾಕ್ ಮಾಡಿ ಕತ್ತರಿಸಬೇಡಿ.

ಕಳೆದ ತಿಂಗಳು ಆಯಿ ತನ್ನ ಹಸಿರು ರವಿಕೆ ತಂದು ನನ್ನ ಮಿಷಿನ್ನಿನ ಮೇಲಿಟ್ಟಳು. ವಯಸ್ಸಾಗಿ ಬಡಕಲಾಗಿದ್ದಾಳೆ, ಭುಜದಿಂದ ಜಾರುತ್ತದಂತೆ. ತಿರುಗಿಸಿ ನೋಡಿದೆ. ಎಲ್ಲಕ್ಕಿಂತ ಒಳಗಿನ ಗೆರೆಯ ತೂತುಗಳು, ಮದುವೆಯ ವರ್ಷದವು, ಇನ್ನೂ ಕಾಣುತ್ತಿದ್ದವು. ಅದರ ಮೇಲೆಯೇ ಹೊಲಿದು ಕೊಟ್ಟೆ.